ಕೆಲಸ ಬಿಟ್ಟ ಮೇಲೆ ಆರೋಗ್ಯ ವಿಮೆ: ಊರಿಗೆ ಮರಳುವವರು ಮೊದಲೇ ಮಾಡಿಕೊಳ್ಳಬೇಕಾದ ಕೆಲಸಗಳು

'ಬೆಂಗಳೂರಿನ ಕೆಲಸ ಬಿಟ್ಟು ಶಿರಸಿಗೆ ಬರುತ್ತಿದ್ದೇನೆ, ತೋಟ ನೋಡಿಕೊಳ್ಳಬೇಕು. ಕಂಪನಿಯ ಇನ್ಶೂರೆನ್ಸನ್ನು ನಾನೇ ದುಡ್ಡು ಕಟ್ಟಿ ಮುಂದುವರಿಸಬಹುದಾ?' 'ಗೋವಾದ ಫ್ಯಾಕ್ಟರಿಯಲ್ಲಿ ಲೆಕ್ಕ ಚುಕ್ತಾ ಮಾಡಿದರು, ಕಾರವಾರಕ್ಕೆ ವಾಪಸ್ ಬಂದೆ. ಇಎಸ್‌ಐ ಕಾರ್ಡ್ ಇನ್ನೂ ನಡೆಯುತ್ತಾ?' 'ಅಪ್ಪ ಅಮ್ಮನ ಹೆಸರೂ ನನ್ನ ಪಾಲಿಸಿಯಲ್ಲಿತ್ತು, ಈಗ ಅವರ ಗತಿ ಏನು?' ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇವು. ಪ್ರತಿಯೊಬ್ಬರಿಗೂ ಬಿಡಿಯಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಹೇಳುತ್ತೇನೆ.

ಕಂಪನಿ ಕೊಡುವ ವಿಮೆ ಕ್ವಾರ್ಟರ್ಸ್ ಇದ್ದ ಹಾಗೆ. ಕೆಲಸ ಇರುವ ತನಕ ಮನೆ ನಿಮ್ಮದು, ಬಿಟ್ಟ ದಿನ ಕೀಲಿ ವಾಪಸ್ ಕೊಡಬೇಕು. ಹಾಗಾಗಿ ಅದೇ ಪಾಲಿಸಿಯನ್ನು ಇಟ್ಟುಕೊಳ್ಳಲು ಆಗುವುದಿಲ್ಲ. ಆದರೆ ಆ ಪಾಲಿಸಿಯಲ್ಲಿ ನೀವು ಕಳೆದ ವರ್ಷಗಳ ಲೆಕ್ಕವನ್ನು ಜೊತೆಗೆ ತರಬಹುದು. ಉಳಿಸಿಕೊಳ್ಳಬೇಕಾದ್ದು ಅದನ್ನೇ. ಅದಕ್ಕೆ ಸರಿಯಾದ ಸಮಯ ನೋಟಿಸ್ ಪಿರಿಯಡ್. ಕೆಲಸ ಬಿಟ್ಟ ಮೇಲೆ ಓಡಾಡಿದರೆ ಅರ್ಧಕ್ಕರ್ಧ ದಾರಿ ಮುಚ್ಚಿರುತ್ತದೆ.

ಅಮೆರಿಕದಲ್ಲಿ ಮಕ್ಕಳಿರುವ ಕೆಲವರು 'ಅಲ್ಲಿ ಕೋಬ್ರಾ ಅಂತ ಇದೆಯಂತೆ, ಇಲ್ಲಿಲ್ವಾ?' ಎಂದು ಕೇಳುತ್ತಾರೆ. ಅದು ಅಲ್ಲಿನ ಕಾನೂನು. ಕೆಲಸ ಹೋದರೂ ಪೂರ್ತಿ ಪ್ರೀಮಿಯಂ ತಾವೇ ಕಟ್ಟಿ, ಸಾಮಾನ್ಯವಾಗಿ 18 ತಿಂಗಳವರೆಗೆ ಕಂಪನಿಯ ವಿಮೆಯಲ್ಲೇ ಇರಬಹುದು. ನಮ್ಮಲ್ಲಿ ಅಂಥ ಕಾನೂನಿಲ್ಲ. ಇಲ್ಲಿರುವುದು 'ಮೈಗ್ರೇಶನ್'. ಅದರ ವಿಷಯ ನಾಲ್ಕನೇ ಹಂತದಲ್ಲಿ ಬರುತ್ತದೆ.

ನಮ್ಮ ಜಿಲ್ಲೆಯವರು ಇದನ್ನು ಸ್ವಲ್ಪ ಜಾಸ್ತಿಯೇ ಗಂಭೀರವಾಗಿ ತೆಗೆದುಕೊಳ್ಳಬೇಕು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂಬ ಕೂಗು ಉತ್ತರ ಕನ್ನಡದಲ್ಲಿ ಎಷ್ಟು ವರ್ಷದಿಂದ ಇದೆ ಎಂದು ನಿಮಗೇ ಗೊತ್ತು. ಹೃದಯದ ತೊಂದರೆ, ತಲೆಗೆ ಪೆಟ್ಟು ಎಂದರೆ ಈಗಲೂ ಆಂಬುಲೆನ್ಸ್ ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಗೋವಾಕ್ಕೋ ಓಡುತ್ತದೆ. ದೊಡ್ಡ ಆಸ್ಪತ್ರೆ ಎಂದರೆ ದೊಡ್ಡ ಬಿಲ್ಲು. ವಿಮೆಯಿಲ್ಲದ ಒಂದು ತಿಂಗಳಲ್ಲೇ ಆ ಬಿಲ್ಲು ಬಂದರೆ ಕಷ್ಟ.

1. ನಿಮಗಿರುವುದು ಯಾವ ವಿಮೆ ಎಂದು ಮೊದಲು ನೋಡಿ

ಸಂಬಳದ ಚೀಟಿ ತೆಗೆದು ನೋಡಿ. 'ಇಎಸ್‌ಐ' ಎಂದು ಸಂಬಳದ ಶೇ 0.75 ಕಡಿತವಾಗಿದ್ದರೆ ನೀವು ಕಾರ್ಮಿಕರ ರಾಜ್ಯ ವಿಮೆಯಲ್ಲಿದ್ದೀರಿ. ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಇರುವವರಿಗೆ ಇದು ಅನ್ವಯಿಸುತ್ತದೆ. ಮಾಲೀಕರು ತಮ್ಮ ಪಾಲಾಗಿ ಶೇ 3.25 ಕಟ್ಟುತ್ತಾರೆ. ಆ ಕಡಿತ ಇಲ್ಲದೆ, ಕಂಪನಿ ನಿಮಗೊಂದು ಇ-ಕಾರ್ಡ್ ಕೊಟ್ಟಿದ್ದರೆ ಅದು ಗ್ರೂಪ್ ಪಾಲಿಸಿ. ಅಂದರೆ ಎಲ್ಲ ನೌಕರರನ್ನೂ ಸೇರಿಸಿ ಕಂಪನಿ ತನ್ನ ಹೆಸರಿನಲ್ಲಿ ಕೊಂಡ ಒಂದೇ ಪಾಲಿಸಿ.

ಕೈಗಾ, ನೌಕಾನೆಲೆಯಂಥ ಕಡೆ ಇರುವ ಖಾಯಂ ನೌಕರರಿಗೆ, ಮಾಜಿ ಸೈನಿಕರಿಗೆ ಬೇರೆಯದೇ ವ್ಯವಸ್ಥೆ ಇದೆ. ಅದನ್ನು ಇಲ್ಲಿ ಬಿಡುತ್ತೇನೆ. ಅಲ್ಲೇ ಗುತ್ತಿಗೆದಾರರ ಕೈಕೆಳಗೆ ದುಡಿಯುವವರು ಮಾತ್ರ ಸಂಬಳದ ಚೀಟಿ ನೋಡಲೇಬೇಕು.

ಇಲ್ಲೊಂದು ಗೊಂದಲವಿದೆ. ಬ್ಯಾಂಕಿನ ಖಾತೆಯಿಂದ ವರ್ಷಕ್ಕೆ 436 ರೂಪಾಯಿ ಮತ್ತು 20 ರೂಪಾಯಿ ಹೋಗುತ್ತಿದ್ದರೆ 'ನನಗೆ ವಿಮೆ ಇದೆ' ಎಂದುಕೊಳ್ಳುವವರು ಬಹಳ ಜನ. ಅವು ಪ್ರಧಾನಮಂತ್ರಿ ಜೀವನ ಜ್ಯೋತಿ ಮತ್ತು ಸುರಕ್ಷಾ ವಿಮೆಗಳು. ಮೊದಲನೆಯದು ಸಾವಿಗೆ, ಎರಡನೆಯದು ಅಪಘಾತದ ಸಾವು ಮತ್ತು ಅಂಗವೈಕಲ್ಯಕ್ಕೆ. ಆಸ್ಪತ್ರೆ ಬಿಲ್ಲಿಗೆ ಎರಡೂ ಬರುವುದಿಲ್ಲ.

2. ಇಎಸ್‌ಐ ಇದ್ದವರು: ಕಾರ್ಡ್ ಎಸೆಯಬೇಡಿ

ಕೆಲಸ ಬಿಟ್ಟ ದಿನವೇ ಇಎಸ್‌ಐ ನಿಲ್ಲುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಇಲ್ಲಿ ದುಡ್ಡು ಕಟ್ಟುವ ಅವಧಿ ಒಂದು, ಸೌಲಭ್ಯ ಸಿಗುವ ಅವಧಿ ಇನ್ನೊಂದು. ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರವರೆಗೆ ಕಟ್ಟಿದ್ದಕ್ಕೆ ಮುಂದಿನ ಜನವರಿ 1ರಿಂದ ಜೂನ್ 30ರವರೆಗೆ ಸೌಲಭ್ಯ. ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ ಕಟ್ಟಿದ್ದಕ್ಕೆ ಜುಲೈ 1ರಿಂದ ಡಿಸೆಂಬರ್ 31ರವರೆಗೆ.

ಉದಾಹರಣೆಗೆ, ಕೆಲವು ವರ್ಷದಿಂದ ಕೆಲಸದಲ್ಲಿದ್ದ ನೀವು ಆಗಸ್ಟ್ ಕೊನೆಗೆ ಬಿಟ್ಟಿರಿ ಎನ್ನಿ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಕನಿಷ್ಠ 78 ದಿನದ ವಂತಿಗೆ ಜಮಾ ಆಗಿದ್ದರೆ ಮುಂದಿನ ಜೂನ್ 30ರವರೆಗೆ ನಿಮಗೂ ಕುಟುಂಬಕ್ಕೂ ಚಿಕಿತ್ಸೆ ಸಿಗುತ್ತದೆ. ಹೊಸದಾಗಿ ಸೇರಿ ಬೇಗ ಬಿಟ್ಟವರಿಗೆ ಲೆಕ್ಕ ಬೇರೆಯಾಗುತ್ತದೆ. ಶಾಖಾ ಕಚೇರಿಯಲ್ಲಿ ಕೇಳಿಕೊಳ್ಳಿ.

ಎಡವುವುದು ಇಲ್ಲಿ: ಕಡಿತ ಮಾಡಿದ ದುಡ್ಡನ್ನು ಮಾಲೀಕರು ಕಟ್ಟಿಯೇ ಇರುವುದಿಲ್ಲ. ಅದಕ್ಕೆ ಇಎಸ್‌ಐ ಪೋರ್ಟಲ್‌ನಲ್ಲಿ ನಿಮ್ಮ ವಿಮಾ ಸಂಖ್ಯೆ ಹಾಕಿ ವಂತಿಗೆಯ ವಿವರ ನೋಡಿ, ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಜೊತೆಗೆ ಡಿಸ್ಪೆನ್ಸರಿ ಬದಲಾಯಿಸಿಕೊಳ್ಳಿ. ವಾಸ್ಕೋದ ಡಿಸ್ಪೆನ್ಸರಿ ನಮೂದಾಗಿದ್ದರೆ ಊರಿನಲ್ಲಿ ಕೂತು ಏನು ಪ್ರಯೋಜನ? ನಮ್ಮ ಜಿಲ್ಲೆಯಲ್ಲಿ ದಾಂಡೇಲಿಯಲ್ಲಿ ಇಎಸ್‌ಐ ಆಸ್ಪತ್ರೆ ಇದೆ, ಆಚೆ ಹುಬ್ಬಳ್ಳಿಯಲ್ಲಿದೆ. ಕರಾವಳಿಯವರಿಗೆ ಎರಡೂ ದೂರವೇ.

ನಿವೃತ್ತಿಯಾಗಿ ಅಥವಾ ಸ್ವಯಂ ನಿವೃತ್ತಿ ಪಡೆದು ಬಂದವರು ಇನ್ನೊಂದು ಗಮನಿಸಿ. ಕನಿಷ್ಠ 5 ವರ್ಷ ವಿಮೆಯಲ್ಲಿದ್ದರೆ, ವರ್ಷಕ್ಕೆ 120 ರೂಪಾಯಿ ಕಟ್ಟಿ ಗಂಡ ಹೆಂಡತಿ ಇಬ್ಬರೂ ಇಎಸ್‌ಐ ಚಿಕಿತ್ಸೆ ಮುಂದುವರಿಸಬಹುದು. ತಿಂಗಳಿಗಲ್ಲ, ವರ್ಷಕ್ಕೆ 120. ಇಷ್ಟು ಅಗ್ಗದ ಸೌಲಭ್ಯ ಇನ್ನೊಂದಿಲ್ಲ. ಆದರೂ ಇದನ್ನು ಕೇಳಿ ಪಡೆದವರು ಕಡಿಮೆ ಎಂದು ನನ್ನ ಅಂದಾಜು. ಪ್ರತಿ ವರ್ಷ ಮರೆಯದೆ ಕಟ್ಟಬೇಕು, ಅಷ್ಟೇ.

ಕೆಲಸ ಕಳೆದುಕೊಂಡವರಿಗೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಎಂಬುದೂ ಇದೆ. ಇದು 2018ರಲ್ಲಿ ಶುರುವಾಯಿತು. ಸರಾಸರಿ ವೇತನದ ಅರ್ಧದಷ್ಟನ್ನು 90 ದಿನದವರೆಗೆ ಕೊಡುತ್ತಾರೆ. ಅವಧಿ ಆಗಾಗ ವಿಸ್ತರಣೆಯಾಗುತ್ತ ಬಂದ ಯೋಜನೆ ಇದು, ಹಾಗಾಗಿ ಅರ್ಜಿ ಹಾಕುವ ಮೊದಲು ಚಾಲ್ತಿಯಲ್ಲಿದೆಯೇ ಎಂದು ಶಾಖಾ ಕಚೇರಿಯಲ್ಲಿ ವಿಚಾರಿಸಿ.

3. ಗ್ರೂಪ್ ಪಾಲಿಸಿ ಇದ್ದವರು: ಕೊನೆಯ ದಿನದ ಮೊದಲೇ ಕಾಗದ ಕೈಗೆ ಬರಲಿ

ರಾಜೀನಾಮೆ ಕೊಟ್ಟ ವಾರದಲ್ಲೇ ಎಚ್‌ಆರ್‌ಗೆ ಒಂದು ಇ-ಮೇಲ್ ಹಾಕಿ. ಬಾಯಿಮಾತು ಬೇಡ. ಆಫೀಸಿನ ಇ-ಮೇಲ್ ಕೊನೆಯ ದಿನ ಮುಚ್ಚಿಹೋಗುತ್ತದೆ, ಆದ್ದರಿಂದ ನಿಮ್ಮ ಸ್ವಂತ ವಿಳಾಸಕ್ಕೂ ಪ್ರತಿ ಹೋಗಲಿ. ಕೇಳಬೇಕಾದ್ದು ಇಷ್ಟು:

- ನನ್ನ ಹೆಸರನ್ನು ಪಾಲಿಸಿಯಿಂದ ಯಾವ ತಾರೀಖಿಗೆ ತೆಗೆಯುತ್ತೀರಿ?
- ವಿಮಾ ಕಂಪನಿಯ ಹೆಸರು, ಪಾಲಿಸಿ ಸಂಖ್ಯೆ, ನನ್ನ ಸದಸ್ಯತ್ವ ಸಂಖ್ಯೆ.
- ನಾನು ಮತ್ತು ಮನೆಯವರು ಯಾವ ದಿನದಿಂದ ಎಡೆಬಿಡದೆ ವಿಮೆಯಲ್ಲಿದ್ದೇವೆ, ವಿಮಾ ಮೊತ್ತ ಎಷ್ಟಿತ್ತು, ಎಷ್ಟು ಕ್ಲೇಮ್ ಆಗಿದೆ ಎಂಬುದರ ಪತ್ರ.
- ಮೈಗ್ರೇಶನ್ ಬಗ್ಗೆ ಪಾಲಿಸಿಯಲ್ಲಿ ಏನು ಬರೆದಿದೆ? ಯಾರನ್ನು ಸಂಪರ್ಕಿಸಬೇಕು?

ಮೂರನೆಯ ಪತ್ರವೇ ಜೀವಾಳ. ರಿಲೀವಿಂಗ್ ಲೆಟರ್‌ಗೆ ಎಷ್ಟು ಹಟ ಹಿಡಿಯುತ್ತೀರೋ ಅಷ್ಟೇ ಹಟ ಇದಕ್ಕೂ ಹಿಡಿಯಿರಿ. ಇ-ಕಾರ್ಡ್‌ನ ಪಿಡಿಎಫ್ ಪ್ರತಿ ವರ್ಷದ್ದೂ ಇದ್ದರೆ ಇನ್ನೂ ಒಳ್ಳೆಯದು.

ಕೆಲವು ಎಚ್ಚರಿಕೆಗಳು. ಕೊನೆಯ ದಿನ 15ನೇ ತಾರೀಖಾದರೆ ವಿಮೆ ತಿಂಗಳ ಕೊನೆಯವರೆಗೆ ಇರುತ್ತದೆ ಎಂದುಕೊಳ್ಳಬೇಡಿ. ಬಹಳಷ್ಟು ಕಡೆ ಕೊನೆಯ ದಿನಕ್ಕೇ ಹೆಸರು ತೆಗೆಯುತ್ತಾರೆ. ಸಂಬಳದಿಂದ ನೀವೇ ದುಡ್ಡು ಕಟ್ಟಿ ಕೊಂಡ 'ಟಾಪ್-ಅಪ್', ಅಪ್ಪ ಅಮ್ಮನಿಗಾಗಿ ಕಟ್ಟಿದ ಹೆಚ್ಚುವರಿ ಪ್ರೀಮಿಯಂ, ಇವೂ ಸಾಮಾನ್ಯವಾಗಿ ಗ್ರೂಪ್ ಪಾಲಿಸಿಯ ಜೊತೆಗೇ ಮುಗಿಯುತ್ತವೆ. 'ನಾನು ಕಟ್ಟಿದ್ದು ನನ್ನದಲ್ವಾ?' ಎಂದರೆ ಅಲ್ಲ. ಟಾಪ್-ಅಪ್ ಎಂದರೆ ಒಂದು ಮೊತ್ತ ದಾಟಿದ ಮೇಲಿನ ಖರ್ಚಿಗೆ ಮಾತ್ರ ಬರುವ ವಿಮೆ. ಬಾಕಿ ಇರುವ ಬಿಲ್ಲುಗಳನ್ನು ಕೆಲಸದಲ್ಲಿರುವಾಗಲೇ ಸಲ್ಲಿಸಿಬಿಡಿ. ವೈದ್ಯರು ಮೊದಲೇ ಹೇಳಿಟ್ಟ ಹರ್ನಿಯಾ, ಕಣ್ಣಿನ ಪೊರೆಯಂಥ ಆಪರೇಷನ್ ಇದ್ದರೆ, ಅದನ್ನೂ ನೋಟಿಸ್ ಪಿರಿಯಡ್ ಒಳಗೆ ಮಾಡಿಸಿಕೊಳ್ಳುವುದು ಜಾಣತನ.

ಮನೆಯಲ್ಲಿ ಬಸುರಿ ಇದ್ದರೆ ರಾಜೀನಾಮೆಯ ತಾರೀಖನ್ನೇ ಯೋಚಿಸಿ ಇಡಿ. ಗ್ರೂಪ್ ಪಾಲಿಸಿಯಲ್ಲಿ ಹೆರಿಗೆ ಖರ್ಚು ಸಾಮಾನ್ಯವಾಗಿ ಮೊದಲ ದಿನದಿಂದ ಸಿಗುತ್ತದೆ. ಸ್ವಂತ ಪಾಲಿಸಿಗಳಲ್ಲಿ ಹೆರಿಗೆ ಸೌಲಭ್ಯವೇ ಇರುವುದಿಲ್ಲ, ಇದ್ದರೂ ಕಾಯಬೇಕು.

4. ಮೈಗ್ರೇಶನ್ ಅರ್ಜಿ ಹಾಕಿ

ಮೈಗ್ರೇಶನ್ ಎಂದರೆ ಅದೇ ವಿಮಾ ಕಂಪನಿಯಲ್ಲಿ ಗ್ರೂಪ್ ಪಾಲಿಸಿಯಿಂದ ಸ್ವಂತ ಪಾಲಿಸಿಗೆ ಬದಲಾಗುವುದು. ಪೋರ್ಟಬಿಲಿಟಿ ಎಂದರೆ ಬೇರೆ ವಿಮಾ ಕಂಪನಿಗೆ ಹೋಗುವುದು. ಕೆಲಸ ಬಿಡುವವರಿಗೆ ಮೊದಲ ಹೆಜ್ಜೆ ಮೈಗ್ರೇಶನ್. ಆ ಕಂಪನಿ ಇಷ್ಟವಾಗದಿದ್ದರೆ ಒಂದು ವರ್ಷ ಕಳೆದು, ನವೀಕರಣದ ಹೊತ್ತಿಗೆ ಪೋರ್ಟ್ ಮಾಡಿಕೊಳ್ಳಿ.

ಇದರಿಂದ ಏನು ಲಾಭ? 'ವೇಟಿಂಗ್ ಪಿರಿಯಡ್', ಅಂದರೆ ಪಾಲಿಸಿ ಕೊಂಡ ಮೇಲೆ ದುಡ್ಡು ಸಿಗಲು ಕಾಯಬೇಕಾದ ಅವಧಿ, ಕಡಿಮೆಯಾಗುತ್ತದೆ. ಹೊಸ ಪಾಲಿಸಿ ಕೊಂಡರೆ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಯಾವ ಕಾಯಿಲೆಗೂ ದುಡ್ಡು ಬರುವುದಿಲ್ಲ. ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಹೆದರಿಕೆಯಲ್ಲಿರುವ ಸಿದ್ದಾಪುರದ ಕಡೆಯವರಿಗೆ ಈ 30 ದಿನ ಸಣ್ಣದಲ್ಲ. ಪಾಲಿಸಿ ಕೊಳ್ಳುವ ಮೊದಲೇ ಇದ್ದ ಸಕ್ಕರೆ ಕಾಯಿಲೆ, ಬಿಪಿ ಇಂಥವಕ್ಕೆ 36 ತಿಂಗಳವರೆಗೆ ಕಾಯಿಸಬಹುದು. 2024ರ ಏಪ್ರಿಲ್‌ಗೆ ಮೊದಲು ಇದು 48 ತಿಂಗಳಿತ್ತು. ಗ್ರೂಪ್ ಪಾಲಿಸಿಯಲ್ಲಿ ಎಡೆಬಿಡದೆ 2 ವರ್ಷ ಇದ್ದು ಮೈಗ್ರೇಟ್ ಆದರೆ, 36ರಲ್ಲಿ 24 ತಿಂಗಳು ಕಳೆದು ಇನ್ನು 12 ತಿಂಗಳು ಕಾದರೆ ಸಾಕು.

ಈ ಲೆಕ್ಕ ಹಳೆಯ ವಿಮಾ ಮೊತ್ತಕ್ಕೆ ಮಾತ್ರ. ಕಂಪನಿಯಲ್ಲಿ 3 ಲಕ್ಷ ಇತ್ತು, ಈಗ 10 ಲಕ್ಷದ ಪಾಲಿಸಿ ತೆಗೆದುಕೊಂಡಿರಿ ಎನ್ನಿ. 3 ಲಕ್ಷಕ್ಕೆ ಹಳೆಯ ವರ್ಷಗಳು ಲೆಕ್ಕಕ್ಕೆ ಬರುತ್ತವೆ. ಮಿಕ್ಕ 7 ಲಕ್ಷಕ್ಕೆ ಮೊದಲಿನಿಂದ ಕಾಯಬೇಕು. ಏಜೆಂಟರು ಇದನ್ನು ಬಿಡಿಸಿ ಹೇಳುವುದು ಅಪರೂಪ.

ಇನ್ನೊಂದು ತಪ್ಪು ಕಲ್ಪನೆ: ಮೈಗ್ರೇಶನ್ ಹಕ್ಕು ಎಂದರೆ ಪಾಲಿಸಿ ಕೊಟ್ಟೇ ಕೊಡುತ್ತಾರೆ ಎಂದಲ್ಲ. ಗ್ರೂಪ್‌ನಿಂದ ಬರುವವರಿಗೆ 'ಅಂಡರ್‌ರೈಟಿಂಗ್' ಇರುತ್ತದೆ. ನಿಮ್ಮ ವಯಸ್ಸು, ಕಾಯಿಲೆ, ರಕ್ತಪರೀಕ್ಷೆ ನೋಡಿ, ಪಾಲಿಸಿ ಕೊಡಬೇಕೋ ಬೇಡವೋ, ಎಷ್ಟು ಪ್ರೀಮಿಯಂ ಹಾಕಬೇಕು ಎಂದು ಕಂಪನಿ ತೀರ್ಮಾನಿಸುವುದೇ ಅಂಡರ್‌ರೈಟಿಂಗ್. ಪ್ರೀಮಿಯಂ ಜಾಸ್ತಿ ಹೇಳಬಹುದು, ಕೆಲವೊಮ್ಮೆ ಆಗುವುದಿಲ್ಲ ಎನ್ನಲೂಬಹುದು. ಅದಕ್ಕೇ ಬೇಗ ಶುರು ಮಾಡಿ ಎನ್ನುವುದು. ಕೊನೆಯ ದಿನಕ್ಕೆ ಕನಿಷ್ಠ 45 ದಿನ ಇರುವಾಗ ಅರ್ಜಿ ಹಾಕಿಬಿಟ್ಟರೆ, ಒಬ್ಬರು ನಿರಾಕರಿಸಿದರೂ ಇನ್ನೊಬ್ಬರ ಬಳಿ ಹೋಗಲು ಸಮಯ ಇರುತ್ತದೆ. ನೋಟಿಸ್ 30 ದಿನ ಮಾತ್ರ ಇದ್ದರೆ ರಾಜೀನಾಮೆ ಕೊಡುವ ಮೊದಲೇ ವಿಚಾರಿಸಿಕೊಳ್ಳಿ.

ಹೊಸ ಪಾಲಿಸಿ ಕೈಗೆ ಬಂದ ಮೇಲೆ ಶೆಡ್ಯೂಲ್ ಎಂಬ ಪುಟ ತೆರೆಯಿರಿ. ಅದರಲ್ಲಿ ಹಿಂದಿನ ವಿಮೆಯ ವರ್ಷಗಳು ನಮೂದಾಗಿರಬೇಕು. ಇಲ್ಲದಿದ್ದರೆ ಅದು ಮೈಗ್ರೇಶನ್ ಅಲ್ಲ, ಸುಮ್ನೆ ಹೊಸ ಪಾಲಿಸಿ. ತಿದ್ದಿಸಿ, ಅಥವಾ ವಾಪಸ್ ಮಾಡಿ. ಪಾಲಿಸಿ ಕೈಸೇರಿದ 30 ದಿನದೊಳಗೆ ವಾಪಸ್ ಮಾಡುವ ಅವಕಾಶ ಇದೆ. ಇದನ್ನು 'ಫ್ರೀ ಲುಕ್' ಎನ್ನುತ್ತಾರೆ.

ಪ್ರೀಮಿಯಂ ವಿಷಯಕ್ಕೆ ಒಂದು ಸಮಾಧಾನ. 2025ರ ಸೆಪ್ಟೆಂಬರ್ 22ರಿಂದ ವ್ಯಕ್ತಿ ಹಾಗೂ ಕುಟುಂಬದ ಆರೋಗ್ಯ ಪಾಲಿಸಿಗಳಿಗೆ ಜಿಎಸ್‌ಟಿ ಇಲ್ಲ. ಮೊದಲು ಶೇ 18 ಇತ್ತು. ಹಳೆಯ ದರಪಟ್ಟಿ ತೋರಿಸಿ ತೆರಿಗೆ ಸೇರಿಸಿದರೆ ಪ್ರಶ್ನಿಸಿ.

5. ಅರ್ಜಿಯಲ್ಲಿ ಕಾಯಿಲೆ ಮುಚ್ಚಿಡಬೇಡಿ

'ಬಿಪಿ ಮಾತ್ರೆ ತಗೊಳ್ಳೋದು ಬರೀಬೇಡಿ, ಪ್ರೀಮಿಯಂ ಜಾಸ್ತಿ ಆಗ್ತದೆ.' ಈ ಸಲಹೆ ಕೊಟ್ಟವರಿಂದ ಪಾಲಿಸಿ ಕೊಳ್ಳಲೇಬೇಡಿ. ಎಡೆಬಿಡದೆ 60 ತಿಂಗಳು ಪೂರ್ತಿಯಾಗುವವರೆಗೆ, ಮುಚ್ಚಿಟ್ಟ ಕಾಯಿಲೆಯ ನೆಪದಲ್ಲಿ ಕ್ಲೇಮ್ ತಿರಸ್ಕರಿಸುವ ಅಧಿಕಾರ ಕಂಪನಿಗೆ ಇರುತ್ತದೆ. ಆಮೇಲೆ ಮೋಸ ಸಾಬೀತಾದರೆ ಮಾತ್ರ. ಆಸ್ಪತ್ರೆಯ ಕೇಸ್ ಶೀಟಿನಲ್ಲಿ 'ಹತ್ತು ವರ್ಷದಿಂದ ಬಿಪಿ' ಎಂದು ರೋಗಿಯ ಕಡೆಯವರೇ ಹೇಳಿ ಬರೆಸಿರುತ್ತಾರೆ. ಕಂಪನಿ ಮೊದಲು ನೋಡುವುದೇ ಅದನ್ನು. ಅರ್ಜಿಯನ್ನು ಏಜೆಂಟ್ ತುಂಬಿದರೂ ಒಟಿಪಿ ಕೊಡುವ ಮೊದಲು ನೀವೇ ಓದಿ.

6. ಆಸ್ಪತ್ರೆಯ ದಾರಿ ನೋಡಿ ಪಾಲಿಸಿ ಆರಿಸಿ

ಬೆಂಗಳೂರಿನಲ್ಲಿದ್ದಾಗ ನೆಟ್‌ವರ್ಕ್ ಆಸ್ಪತ್ರೆಯ ಪಟ್ಟಿ ನೋಡುವ ಅಗತ್ಯ ಅಷ್ಟಾಗಿ ಬರುವುದಿಲ್ಲ. ನೆಟ್‌ವರ್ಕ್ ಎಂದರೆ ಕೈಯಿಂದ ದುಡ್ಡು ಕಟ್ಟದೆ ಚಿಕಿತ್ಸೆ ಸಿಗುವಂತೆ ವಿಮಾ ಕಂಪನಿ ಒಪ್ಪಂದ ಮಾಡಿಕೊಂಡ ಆಸ್ಪತ್ರೆಗಳು. ಊರಿಗೆ ಬಂದ ಮೇಲೆ ಪಾಲಿಸಿಯಲ್ಲಿ ಮೊದಲು ನೋಡಬೇಕಾದ್ದೇ ಇದು. ನಿಮ್ಮ ಮನೆಯಿಂದ ತುರ್ತಿಗೆ ಎಲ್ಲಿಗೆ ಹೋಗುತ್ತೀರಿ? ಭಟ್ಕಳ, ಹೊನ್ನಾವರದವರು ಮಣಿಪಾಲದ ಕಡೆ. ಯಲ್ಲಾಪುರ, ಮುಂಡಗೋಡದವರು ಹುಬ್ಬಳ್ಳಿಗೆ. ಕಾರವಾರದವರು ಗೋವಾಕ್ಕೆ. ಶಿರಸಿಯವರು ಹುಬ್ಬಳ್ಳಿಗೂ ಹೋಗುತ್ತಾರೆ, ಘಟ್ಟ ಇಳಿದು ಮಣಿಪಾಲಕ್ಕೂ ಹೋಗುತ್ತಾರೆ. ನಿಮ್ಮ ದಾರಿಯಲ್ಲಿರುವ ಎರಡು ದೊಡ್ಡ ಆಸ್ಪತ್ರೆ ಮತ್ತು ಊರಿನ ಹತ್ತಿರದ ಒಂದು ಆಸ್ಪತ್ರೆ ಪಟ್ಟಿಯಲ್ಲಿ ಇರಲೇಬೇಕು. ವಿಮಾ ಕಂಪನಿಯ ಪಟ್ಟಿ ನೋಡಿದರೆ ಸಾಲದು, ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರಿಗೂ ಫೋನ್ ಮಾಡಿ ಕೇಳಿ.

ಗೋವಾದ ಬಾಂಬೋಳಿಯ ಸರ್ಕಾರಿ ಆಸ್ಪತ್ರೆಯನ್ನೇ ನಂಬಿಕೊಂಡ ಕಾರವಾರದವರಿಗೆ ಒಂದು ಮಾತು. 2018ರಿಂದ ಅಲ್ಲಿ ಹೊರರಾಜ್ಯದವರಿಗೆ ಶುಲ್ಕ ಇದೆ.

ಇನ್ನು ವಲಯದ ವಿಷಯ. ಕೆಲವು ಪಾಲಿಸಿಗಳಲ್ಲಿ ಊರಿನ ಮೇಲೆ ಪ್ರೀಮಿಯಂ ನಿಗದಿಯಾಗುತ್ತದೆ. ಬೆಂಗಳೂರಿನ ವಿಳಾಸಕ್ಕೆ ಜಾಸ್ತಿ, ಶಿರಸಿಯ ವಿಳಾಸಕ್ಕೆ ಕಡಿಮೆ. ಕಡಿಮೆ ಎಂದು ಖುಷಿಪಡುವ ಮೊದಲು ಷರತ್ತು ಓದಿ. ಅಗ್ಗದ ವಲಯದ ಪಾಲಿಸಿ ಇಟ್ಟುಕೊಂಡು ದುಬಾರಿ ವಲಯದ ನಗರದಲ್ಲಿ ದಾಖಲಾದರೆ ಬಿಲ್ಲಿನ ಒಂದು ಪಾಲನ್ನು ನೀವೇ ಕಟ್ಟಬೇಕಾಗಬಹುದು. ಇದಕ್ಕೆ 'ಕೋ-ಪೇ' ಎನ್ನುತ್ತಾರೆ. ದೊಡ್ಡ ಚಿಕಿತ್ಸೆಗೆಲ್ಲ ಹೊರಗೇ ಹೋಗುವ ನಮಗೆ ಇದು ಬಿಸಿ ಮುಟ್ಟಿಸುತ್ತದೆ. ನನ್ನನ್ನು ಕೇಳಿದರೆ ವಲಯದ ಕಟ್ಟುಪಾಡಿಲ್ಲದ ಪಾಲಿಸಿಗೆ ನಾಲ್ಕು ಕಾಸು ಜಾಸ್ತಿ ಕೊಡುವುದೇ ಸರಿ. ಹಾಗಂತ ಪ್ರೀಮಿಯಂ ಉಳಿಸಲು ಸುಳ್ಳು ವಿಳಾಸ ಕೊಡಬೇಡಿ. ಕ್ಲೇಮ್ ಹೊತ್ತಿಗೆ ತಕರಾರು ಬರುತ್ತದೆ.

ಆಂಬುಲೆನ್ಸ್ ಖರ್ಚಿನ ಮಿತಿಯನ್ನೂ ನೋಡಿ. ಅಂಕೋಲಾದಿಂದ ಮಂಗಳೂರಿಗೆ ಆಮ್ಲಜನಕ ಇರುವ ಆಂಬುಲೆನ್ಸ್‌ನಲ್ಲಿ ಹೋದರೆ ಬಿಲ್ಲು ಊರೊಳಗಿನ ಬಾಡಿಗೆಯಂತೆ ಇರುವುದಿಲ್ಲ.

7. ವಯಸ್ಸಾದ ಅಪ್ಪ ಅಮ್ಮ ಇದ್ದರೆ

ಇದೇ ಎಲ್ಲಕ್ಕಿಂತ ಕಷ್ಟದ ಭಾಗ. ಎಪ್ಪತ್ತರ ತಂದೆಗೆ ಸಕ್ಕರೆ ಕಾಯಿಲೆ, ತಾಯಿಗೆ ಮಂಡಿ ನೋವು. ಗ್ರೂಪ್ ಪಾಲಿಸಿ ಯಾವ ಪ್ರಶ್ನೆಯನ್ನೂ ಕೇಳದೆ ಸೇರಿಸಿಕೊಂಡಿತ್ತು. ಸ್ವಂತ ಪಾಲಿಸಿ ಎಲ್ಲವನ್ನೂ ಕೇಳುತ್ತದೆ. ವಯಸ್ಸಿನ ಮಿತಿ ಹಾಕಿ ಅರ್ಜಿಯನ್ನೇ ತೆಗೆದುಕೊಳ್ಳದಿರುವ ಪದ್ಧತಿಯನ್ನು 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ತೆಗೆದುಹಾಕಿದೆ. ಆದರೆ ಪ್ರೀಮಿಯಂ ಕೇಳಿದರೆ ಎದೆ ಧಸಕ್ ಎನ್ನಬಹುದು.

ಅಪ್ಪ ಅಮ್ಮನಿಗೆ ಬೇರೆ ಪಾಲಿಸಿ, ನಿಮಗೆ ಹೆಂಡತಿ ಮಕ್ಕಳಿಗೆ ಬೇರೆ ಪಾಲಿಸಿ ಮಾಡಿ. ಎಲ್ಲರನ್ನೂ ಒಂದೇ ಫ್ಯಾಮಿಲಿ ಫ್ಲೋಟರ್‌ಗೆ, ಅಂದರೆ ಒಂದೇ ಮೊತ್ತವನ್ನು ಮನೆಮಂದಿ ಹಂಚಿಕೊಳ್ಳುವ ಪಾಲಿಸಿಗೆ ಸೇರಿಸಿದರೆ ಹಿರಿಯರ ವಯಸ್ಸಿನ ಮೇಲೆ ಪ್ರೀಮಿಯಂ ಏರುತ್ತದೆ. ಹಿರಿಯರ ಪಾಲಿಸಿಯಲ್ಲಿ ಸ್ವಲ್ಪ ಕೋ-ಪೇ ಒಪ್ಪಿಕೊಂಡರೆ ಪ್ರೀಮಿಯಂ ಇಳಿಯುತ್ತದೆ. ಏನೂ ಇಲ್ಲದಿರುವುದಕ್ಕಿಂತ ಅದು ವಾಸಿ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಹಿರಿಯ ನಾಗರಿಕರಾದ ತಂದೆತಾಯಿಯ ಪ್ರೀಮಿಯಂಗೆ 80ಡಿ ಅಡಿ 50,000 ರೂಪಾಯಿವರೆಗೆ ವಿನಾಯಿತಿಯೂ ಇದೆ.

8. ಸರ್ಕಾರಿ ಮತ್ತು ಸಹಕಾರಿ ಯೋಜನೆಗಳಿಗೂ ಹೆಸರು ಬರೆಸಿ

ಸಂಬಳ ಬರುವಾಗ ಇವುಗಳ ಕಡೆ ನೋಡದವರು ಈಗ ನೋಡಿ.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ: ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಕುಟುಂಬಕ್ಕೂ ಇದೆ, ಆದರೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಸರ್ಕಾರ ನಿಗದಿ ಮಾಡಿದ ದರದ) ಶೇ 30 ಮಾತ್ರ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಆಧಾರ್ ಮತ್ತು ರೇಷನ್ ಕಾರ್ಡ್ ತೆಗೆದುಕೊಂಡು ಗ್ರಾಮ ಒನ್ ಕೇಂದ್ರಕ್ಕೆ ಹೋದರೆ ಕಾರ್ಡ್ ಆಗುತ್ತದೆ. ಜನ ಎಡವುವುದು ರೆಫರಲ್‌ನಲ್ಲಿ. ತುರ್ತು ಸಂದರ್ಭ ಬಿಟ್ಟರೆ, ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಬೇಕು. ನೇರ ಮಣಿಪಾಲಕ್ಕೆ ಹೋಗಿ ದಾಖಲಾಗಿ, ಆಮೇಲೆ ಪತ್ರಕ್ಕೆ ಕಾರವಾರದ ಜಿಲ್ಲಾ ಆಸ್ಪತ್ರೆಗೆ ಓಡಿಬಂದರೆ ಕೆಲಸ ಕೆಡುತ್ತದೆ. ಅನುಮಾನ ಇದ್ದರೆ 104ಕ್ಕೆ ಫೋನ್ ಮಾಡಿ.

ಯಶಸ್ವಿನಿ: ಇದು ಸಹಕಾರ ಸಂಘದ ಸದಸ್ಯರಿಗಿರುವ ಆರೋಗ್ಯ ಯೋಜನೆ. ಸೊಸೈಟಿಯಲ್ಲಿ ಷೇರು ಇಲ್ಲದ ಮನೆ ಶಿರಸಿ, ಸಿದ್ದಾಪುರದ ಕಡೆ ಹುಡುಕಬೇಕು. ಆ ಸದಸ್ಯತ್ವ ಉಪಯೋಗಕ್ಕೆ ಬರುವುದು ಇಲ್ಲಿ. 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, 2022-23ರಲ್ಲಿ ಮತ್ತೆ ಬಂದ ಯೋಜನೆ ಇದು. ಮತ್ತೆ ಬಂದಾಗ ಗ್ರಾಮೀಣ ಸಹಕಾರ ಸಂಘದ ಸದಸ್ಯರಿಗೆ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ವಂತಿಗೆ ಇಟ್ಟರು, 5 ಲಕ್ಷದವರೆಗೆ ಚಿಕಿತ್ಸೆ. ನೋಂದಣಿ ವರ್ಷವಿಡೀ ಇರುವುದಿಲ್ಲ, ಕೆಲವು ತಿಂಗಳು ಮಾತ್ರ. ಷೇರು ಅಪ್ಪನ ಹೆಸರಿನಲ್ಲಿದ್ದರೆ ನಿಮ್ಮ ಹೆಸರು ಕುಟುಂಬದಲ್ಲಿ ಸೇರುತ್ತದೆಯೇ ಎಂದು ಸೊಸೈಟಿಯ ಕಾರ್ಯದರ್ಶಿಯನ್ನು ಕೇಳಿ, ನೋಂದಣಿ ಶುರುವಾದ ವಾರದಲ್ಲೇ ಮುಗಿಸಿ. ಪಟ್ಟಿಯಲ್ಲಿರುವ ಚಿಕಿತ್ಸೆಗೆ, ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ ಮಾತ್ರ ಸಿಗುತ್ತದೆ. ಹಾಗಾಗಿ ಇದು ಸ್ವಂತ ಪಾಲಿಸಿಯ ಜೊತೆಗಿರಲಿ, ಅದರ ಬದಲಿಗೆ ಬೇಡ.

9. ನಿರಾಕರಿಸಿದರೆ, ಉತ್ತರವೇ ಕೊಡದಿದ್ದರೆ

ಮೊದಲು ವಿಮಾ ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಕಾರಣವನ್ನು ಬರಹದಲ್ಲೇ ಕೇಳಿ. ಸರಿಯಾಗದಿದ್ದರೆ ವಿಮಾ ನಿಯಂತ್ರಣ ಪ್ರಾಧಿಕಾರದ 'ಬಿಮಾ ಭರೋಸಾ' ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಅಥವಾ 155255ಕ್ಕೆ ಫೋನ್ ಮಾಡಿ. ಕಂಪನಿ 30 ದಿನದಲ್ಲಿ ಉತ್ತರ ಕೊಡದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಒಂಬುಡ್ಸ್‌ಮನ್ ಎಂದರೆ ಗ್ರಾಹಕ ಮತ್ತು ವಿಮಾ ಕಂಪನಿಯ ಜಗಳ ಬಿಡಿಸುವ ಅಧಿಕಾರಿ. ಶುಲ್ಕ ಇಲ್ಲ, ವಕೀಲರು ಬೇಡ, ಅರ್ಜಿಯನ್ನು ಆನ್‌ಲೈನ್‌ನಲ್ಲೇ ಹಾಕಬಹುದು. ಕಂಪನಿ ತಿರಸ್ಕರಿಸಿದ ದಿನದಿಂದ ಒಂದು ವರ್ಷದೊಳಗೆ ಹಾಕಬೇಕು. ಅರ್ಜಿಯ ಜೊತೆ ಲಗತ್ತಿಸಬೇಕಾದ್ದರಲ್ಲಿ ಮುಖ್ಯವಾದ್ದು, ಮೂರನೇ ಹಂತದಲ್ಲಿ ಎಚ್‌ಆರ್‌ನಿಂದ ಪಡೆದ ಆ ಪತ್ರ ಮತ್ತು ಅವರ ಜೊತೆಗಿನ ಇ-ಮೇಲ್‌ಗಳ ಪ್ರತಿ.